ಯಾರ ಜೊತೆ ಕುಳಿತು ಅಳುತ್ತಾರೆ?

ವೇಲ್ಸ್‌ನ ಈ ಕಣಿವೆಗೆ ಬಂದ ಮೇಲೆ ನನ್ನನ್ನು ಬಹಳ ಕಾಡಿದ ಮಾತು ನೆರೆಮನೆಯ ಹಿರಿಯ ಮಹಿಳೆಯೊಬ್ಬರದು. ಕಳೆದ ಅಕ್ಟೋಬರಿನಲ್ಲಿ ಅವರಿಗೆ ನಾನು ನಮ್ಮ ಮಂಗಳೂರಿನ ವಿಮಾನ ದುರಂತದ ವಿಷಯ ಹೇಳುತ್ತಿದ್ದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಂದಕಕ್ಕೆ ಉರುಳಿ 158 ಮಂದಿ ತೀರಿಕೊಂಡದ್ದನ್ನೂ, ಎಂಟೇ ಮಂದಿ ಬದುಕಿ ಉಳಿದದ್ದನ್ನೂ, ಗುರುತು ಹತ್ತದ 12 ಶವಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣು ಮಾಡಿದ್ದನ್ನೂ ಅವರು ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಇಷ್ಟೇ: “ಆ ಮನೆಗಳವರು ಈಗ ಯಾರ ಜೊತೆ ಕುಳಿತು ಅಳುತ್ತಾರೆ?”

ಅವರಿಗೆ ಹಾಗೆ ಕೇಳುವ ಹಕ್ಕಿದೆ. ಅವರು ಹುಟ್ಟಿ ಬೆಳೆದದ್ದು ಅಬರ್‌ಫ್ಯಾನ್ ಎಂಬ ಗಣಿಯೂರಿನಲ್ಲಿ. 1966ರ ಅಕ್ಟೋಬರ್ 21ರಂದು, ರಜೆಗೆ ಮುಂಚಿನ ಕೊನೆಯ ಶಾಲಾ ದಿನ, ಬೆಳಗ್ಗೆ ಒಂಬತ್ತೂಕಾಲರ ಹೊತ್ತಿಗೆ ಬೆಟ್ಟದ ಮೇಲೆ ಸುರಿದಿದ್ದ ಗಣಿತ್ಯಾಜ್ಯದ ಏಳನೆಯ ರಾಶಿ ಜಾರಿ ಬಂದು ಪ್ಯಾಂಟ್‌ಗ್ಲಾಸ್ ಶಾಲೆಯನ್ನು ಮುಚ್ಚಿತು. ಆ ರಾಶಿಯನ್ನು ಹಾಕಿದ್ದೇ ನೀರಿನ ಒರತೆಯ ಮೇಲೆ. ಸತ್ತ 144 ಮಂದಿಯಲ್ಲಿ 116 ಮಕ್ಕಳು, ಅವರಲ್ಲೊಬ್ಬ ಇವರ ಅಣ್ಣ. ಸಾವಿನ ವಿಚಾರಣೆಯಲ್ಲಿ ಒಬ್ಬ ತಂದೆ ಎದ್ದು ನಿಂತು, ತನ್ನ ಮಗುವಿನ ಸಾವಿನ ಕಾರಣವನ್ನು “ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯಿಂದ ಜೀವಂತ ಸಮಾಧಿ” ಎಂದು ಬರೆದುಕೊಳ್ಳಿ ಎಂದರಂತೆ. ನ್ಯಾಯಮಂಡಳಿಯೂ ಮರುವರ್ಷ ತಪ್ಪು ಆ ಮಂಡಳಿಯದೇ ಎಂದಿತು. ಆದರೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಹೊರನಾಡಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತದೆ ಎಂದು ಊರಿನಲ್ಲಿ ಭಾವಿಸುವವರಿಗಾಗಿ ಇದನ್ನೂ ಹೇಳಬೇಕು. ಜಗತ್ತಿನ ಜನ ಕಳಿಸಿದ ಪರಿಹಾರ ನಿಧಿಯಿಂದಲೇ, ಬೆಟ್ಟದ ಮೇಲೆ ಉಳಿದ ರಾಶಿಗಳನ್ನು ತೆಗೆಸಲು 1,50,000 ಪೌಂಡು ಕಿತ್ತುಕೊಂಡರು. ಅದನ್ನು ಹಿಂದಿರುಗಿಸಿದ್ದು 1997ರಲ್ಲಿ. ತಂದೆತಾಯಿಗಳಿಗೆ ಹಣ ಕೊಡುವ ಮೊದಲು, ಅವರು ಸತ್ತ ಮಗುವಿಗೆ ನಿಜಕ್ಕೂ ಹತ್ತಿರವಾಗಿದ್ದರೇ ಎಂದು ವಿಚಾರಿಸಬೇಕೆಂಬ ಸಲಹೆಯೂ ಸರ್ಕಾರದ ಕಡೆಯಿಂದ ಬಂದಿತ್ತು. ಇದನ್ನು ಹೇಳುವಾಗ ನೆರೆಮನೆಯವರ ಧ್ವನಿ ಈಗಲೂ ಗಡಸಾಗುತ್ತದೆ.

ಹೀಗಿದ್ದರೂ ಆ ಊರು ತನ್ನನ್ನು ತಾನು ಎತ್ತಿ ನಿಲ್ಲಿಸಿಕೊಂಡಿತು. ಕೆಸರಿನಲ್ಲಿ ಮಕ್ಕಳನ್ನು ಹುಡುಕಿದ ಗಂಡಸರು ಮಾತಿನಲ್ಲಿ ಹೇಳಲಾಗದ್ದನ್ನು ಹಾಡಲು ಸೇರಿದರು; ಇನಿಸೋವೆನ್ ಪುರುಷರ ಗಾಯನ ತಂಡ ಹುಟ್ಟಿದ್ದು ಹಾಗೆ. ಎಳೆಯ ತಾಯಂದಿರು ತಮ್ಮದೇ ಕೂಟ ಕಟ್ಟಿಕೊಂಡು ಸಂಜೆಗಳಲ್ಲಿ ಸೇರಿದರು. ನೆರೆಮನೆಯವರ ತಾಯಿಯೂ ಅಲ್ಲಿಗೆ ಹೋಗುತ್ತಿದ್ದರಂತೆ. ಆ ಕೋಣೆಯಲ್ಲಿ ಯಾರೂ ಯಾರಿಗೂ ಏನನ್ನೂ ವಿವರಿಸಬೇಕಾಗಿರಲಿಲ್ಲ, ನಗು ಬಂದರೆ ನಗಲು ನಾಚಬೇಕಾಗಿರಲಿಲ್ಲ ಎಂದು ತಾಯಿ ಹೇಳುತ್ತಿದ್ದರಂತೆ. ಹೊರಗೆ ಹಾಗಿರಲಿಲ್ಲ. ಮಗುವನ್ನು ಕಳೆದುಕೊಂಡವರು ನೋಡಿಯಾರು ಎಂದು, ಬದುಕಿ ಉಳಿದ ಮಕ್ಕಳು ಬಹುಕಾಲ ಬೀದಿಯಲ್ಲಿ ಆಡಲೂ ಹಿಂಜರಿದಿದ್ದರು.

ಕಾಪು ಕಡೆಯ ನಮ್ಮ ಊರಿನಿಂದಲೂ ಒಬ್ಬರು ಆ ವಿಮಾನದಲ್ಲಿದ್ದರು. ಅವರ ಹೆಂಡತಿಯನ್ನು ನಾನು ಚಿಕ್ಕಂದಿನಿಂದ ಅಕ್ಕ ಎಂದೇ ಕರೆದವಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಅವರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಪ್ರತಿ ವರ್ಷ ತುಳುವರ ಆಟಿ ತಿಂಗಳಲ್ಲಿ ಅಗೆಲು ಬಡಿಸುವಾಗ ಮನೆಯವರಷ್ಟೇ. ತೀರಿಹೋದವರಿಗೆ ಬಾಳೆಲೆ ಹಾಕಿ ಅವರಿಗಿಷ್ಟವಾದದ್ದನ್ನೇ ಬಡಿಸುವ ಆ ಪದ್ಧತಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿದೆ. ಅಗಲಿದವರನ್ನು ಇಷ್ಟು ಹತ್ತಿರ ಕೂರಿಸಿಕೊಳ್ಳುವ ಕ್ರಮವನ್ನು ನಾನು ಇಲ್ಲಿ ಕಂಡಿಲ್ಲ. ಆದರೆ ಅಗೆಲು ಕುಟುಂಬದ್ದು. ಕ್ರೈಸ್ತರ ಮನೆಯ ಪೂಜೆ ಇಗರ್ಜಿಯಲ್ಲಿ, ಬ್ಯಾರಿಗಳ ಮನೆಯ ಪ್ರಾರ್ಥನೆ ಅವರ ಮಸೀದಿಯಲ್ಲಿ. ಒಂದೇ ವಿಮಾನದಲ್ಲಿ ಜೊತೆಯಾಗಿ ಕುಳಿತು ಬಂದವರಿಗಾಗಿ ನಾವು ಬೇರೆ ಬೇರೆಯಾಗಿ ಕುಳಿತು ಅತ್ತೆವು. ವರ್ಷಕ್ಕೊಮ್ಮೆ ನದಿಯ ದಂಡೆಯ ಸ್ಮಾರಕದಲ್ಲಿ ಪುಷ್ಪನಮನ ನಡೆಯುತ್ತದೆ, ಅಧಿಕಾರಿಗಳು ಬರುತ್ತಾರೆ. ಅದು ಆಗಲೇಬೇಕಾದ ಗೌರವ, ನಿಜ. ಆದರೆ ಉಳಿದ ದಿನಗಳು?

ನೆರೆಮನೆಯವರ ಪ್ರಶ್ನೆ ನನ್ನನ್ನು ಬಿಡದ ಕಾರಣ ಒಂದು ಭಾನುವಾರ ಅಕ್ಕನಿಗೆ ಫೋನು ಮಾಡಿದೆ. ಭಾವ ಹೇಗಿದ್ದರು, ಸ್ವಲ್ಪ ಹೇಳಿ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಷ್ಟು ದುಡ್ಡು ಬಂತು ಅಂತ ಕೇಳಿದವರು ತುಂಬ ಜನ ಮಾರಾಯ್ತಿ, ಅವರು ಹೇಗಿದ್ರು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳ್ಲಿಲ್ಲ” ಎಂದರು. ಪರಿಹಾರದ ಮೊಕದ್ದಮೆಗಳು ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಅಲೆದ ವರ್ಷಗಳಲ್ಲಿ ಊರಿನವರ ಮಾತೆಲ್ಲ ಆ ಮೊತ್ತದ ಸುತ್ತಲೇ ಇತ್ತು. ನಾವು ಆ ಮನೆಯವರಿಗೆ ಮಾಡಿದ ಎರಡನೆಯ ಗಾಯ ಅದು.

ಅಂದು ಅಕ್ಕ ಒಂದು ಗಂಟೆಗೂ ಹೆಚ್ಚು ಹೊತ್ತು ಮಾತಾಡಿದರು. ಭಾವ ರಜೆಯಲ್ಲಿ ಬಂದ ಮರುದಿನವೇ ಮಲ್ಪೆಗೆ ಹೋಗಿ ಬಂಗುಡೆ ತರುತ್ತಿದ್ದದ್ದು, ಯಕ್ಷಗಾನಕ್ಕೆಂದು ರಾತ್ರಿಯಿಡೀ ಮಾಯವಾಗುತ್ತಿದ್ದದ್ದು, ಆ ಸಲ ತಂಗಿಯ ಮದುವೆಗೆಂದು ಹೊರಟದ್ದು. ನಡುವೆ ನೆರೆಮನೆಯವರ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ವಕೀಲರ ಕಚೇರಿಯ ಬೆಂಚಿನ ಮೇಲೆ ಅಕ್ಕನಿಗೆ ಇಬ್ಬರು ಹೆಂಗಸರ ಪರಿಚಯವಾಗಿತ್ತಂತೆ, ಒಬ್ಬರು ಉಳ್ಳಾಲದ ಬ್ಯಾರಿ ಮನೆಯವರು, ಇನ್ನೊಬ್ಬರು ಶಿರ್ವದ ಕೊಂಕಣಿ ಕ್ರೈಸ್ತರು. ಮೊಕದ್ದಮೆ ಮುಗಿದರೂ ಮೂವರ ಮಾತು ಮುಗಿಯಲಿಲ್ಲ. ಉಳ್ಳಾಲದವರ ಮಗಳ ಮದುವೆಗೆ ಅಕ್ಕ ಹಿಂದಿನ ದಿನವೇ ಶಂಕರಪುರದ ಮಲ್ಲಿಗೆ ತೆಗೆದುಕೊಂಡು ಹೋಗಿದ್ದರು.

ನೆರೆಮನೆಯವರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ಕೂಡಲೇ, ಅವರು ಸೇರಲು ಒಂದು ಕೋಣೆ ಇದೆಯೇ ಎಂದು ವಿಚಾರಿಸಿದರು. ಅಬರ್‌ಫ್ಯಾನಿನಲ್ಲಿ ಪರಿಹಾರ ನಿಧಿಯಿಂದ ಒಂದು ಸಮುದಾಯ ಭವನವನ್ನೇ ಕಟ್ಟಿದ್ದಾರೆ. ನಮ್ಮ ಕಡೆ ಭಜನಾ ಮಂದಿರವಿದೆ, ಇಗರ್ಜಿಯ ಸಭಾಂಗಣವಿದೆ, ಮದರಸವಿದೆ. ಆ ಮೂವರು ಮಾತ್ರ ಬಿಜೈ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ಮೇಜು ಬಿಟ್ಟುಕೊಡಿ ಎಂದು ಯಾರಾದರೂ ಹೇಳುವವರೆಗೆ ಕುಳಿತಿರುತ್ತಾರಂತೆ. ನಾನು ಈ ಸಲ ರಜೆಯಲ್ಲಿ ಬಂದಾಗ, ನಮ್ಮ ಊರಿನ ಯುವಕ ಮಂಡಲದ ಕಟ್ಟಡದ ಮಹಡಿಯ ಕೋಣೆಯನ್ನು ತಿಂಗಳಿಗೊಂದು ಮಧ್ಯಾಹ್ನ ಅವರಿಗೆ ಬಿಟ್ಟುಕೊಡುವಂತೆ ಕೇಳಲಿದ್ದೇನೆ.