ಬಚ್ಚಲ ಮೂಲೆಯ ಬಿಳಿ ಕ್ಯಾನ್

ಅವ್ವನಿಗೆ ಹಾಗಾಗುತ್ತಿದ್ದದ್ದು ಹತ್ತಿಪ್ಪತ್ತು ನಿಮಿಷ ಅಷ್ಟೇ. ಎದೆ ಡವಡವ ಅನ್ನೋದು, ತಲೆ ಸಿಡಿಯೋದು, ರವಿಕೆ ಒದ್ದೆಯಾಗುವಷ್ಟು ಬೆವರು. ಮಂಡ್ಯದ ನಮ್ಮ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತಿತ್ತು. ಬಿಪಿ ನಾರ್ಮಲ್. 'ಯೋಚನೆ ಜಾಸ್ತಿ ಮಾಡ್ತಾರೆ' ಅಂತ ನಿದ್ದೆ ಮಾತ್ರೆ ಬರೆದುಕೊಟ್ಟರು. ಪಕ್ಕದ ಮನೆಯವರು ದೃಷ್ಟಿ ಅಂದರು. ಸೋದರತ್ತೆ, ಮುಟ್ಟು ನಿಲ್ಲೋ ಹೊತ್ತು, ಹಂಗೇ ಇರುತ್ತೆ ಅಂದರು. ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು, ಆ ಲೆಕ್ಕ ಯಾರಿಗೆ ಬೇಕು?

ಕೊನೆಗೆ ಮೈಸೂರಿನಲ್ಲಿ ಹಾರ್ಮೋನ್ ಡಾಕ್ಟರೊಬ್ಬರು, "ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೇ ಬರುತ್ತಾ?" ಅಂತ ಕೇಳಿದರು. ಹೌದು ಅಂದ ಕೂಡಲೇ 24 ಗಂಟೆಯ ಮೂತ್ರ ಪರೀಕ್ಷೆ ಬರೆದರು. ಆ ದಿನದ ಪಾಡು ಹೇಳಲೇಬೇಕು.

ಲ್ಯಾಬಿನವರು ಕೊಟ್ಟದ್ದು ದೊಡ್ಡದೊಂದು ಬಿಳಿ ಕ್ಯಾನ್. ತಳದಲ್ಲಿ ಸ್ವಲ್ಪ ಆಸಿಡ್. ಕೈಗೆ ತಾಗಿಸಿಕೊಳ್ಳಬೇಡಿ, ಮಗ್ಗಿನಲ್ಲಿ ಹಿಡಿದು ನಿಧಾನಕ್ಕೆ ಸುರೀರಿ ಅಂದರು. ಬೆಳಿಗ್ಗೆ ಮೊದಲನೆಯದು ಬಿಡಬೇಕು, ಆಮೇಲಿನದ್ದೆಲ್ಲ ಹಿಡಿಯಬೇಕು, ಮರುದಿನ ಬೆಳಗಿನ ಮೊದಲನೆಯದು ಸೇರಿಸಿ ನಿಲ್ಲಿಸಬೇಕು. ಕಾಫಿ ಇಲ್ಲ. ಪ್ಯಾರಾಸಿಟಮಾಲ್ ಕೂಡ ಇಲ್ಲ. ಕ್ಯಾನ್ ತಣ್ಣಗಿರಬೇಕು.

ತಣ್ಣಗೆ ಅಂದರೆ ಫ್ರಿಜ್, ಅಲ್ವಾ? ಅವ್ವ ಕೆರಳಿಬಿಟ್ಟಳು. "ಹಾಲು, ದೇವ್ರ ಹೂವ ಮಡಗೋ ಜಾಗ್ದಲ್ಲಿ ಇದ್ನ ಮಡಗ್ತೀಯಾ?" ಕಾಫಿ ಸಿಗದ ಸಿಟ್ಟೂ ಸೇರಿತ್ತು. ತಮ್ಮ ಮೀನಿನಂಗಡಿಯಿಂದ ಐಸ್ ತುಂಬಿದ ಥರ್ಮೋಕೋಲ್ ಡಬ್ಬ ತಂದ. ಕ್ಯಾನ್ ಬಚ್ಚಲ ಮೂಲೆಗೆ ಹೋಯಿತು.

ಮಧ್ಯಾಹ್ನ ಅವ್ವ ರಾಗಿಹಿಟ್ಟಿನ ಡಬ್ಬಕ್ಕೆ ಬಗ್ಗಿದಳು. ಏಳುವಾಗ ಗೋಡೆ ಹಿಡಿದಳು. ತುಟಿಯಲ್ಲಿ ಬಣ್ಣವೇ ಇಲ್ಲ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೈ ನಡುಗಿ ಬಳೆಗಳು ಸದ್ದು ಮಾಡುತ್ತಿದ್ದವು. ಮನೆಗೆ ಆಗಷ್ಟೇ ತಂದಿದ್ದ ಬಿಪಿ ಮೆಷಿನ್ ಕಟ್ಟಿದೆವು: 226/124. ಮೆಷಿನ್ ಕೆಟ್ಟಿದೆ ಅಂತ ತಮ್ಮ ತನ್ನ ತೋಳಿಗೇ ಕಟ್ಟಿಕೊಂಡ: 118/76. ಅರ್ಧ ಗಂಟೆ ಬಿಟ್ಟು ಅವ್ವನಿಗೆ ನೋಡಿದರೆ 138/84. "ಈಗ ಸರಿಹೋಯ್ತು ಕಣಪ್ಪ, ಮುದ್ದೆಗೆ ನೀರಿಡ್ತೀನಿ" ಅಂದಳು. ನನಗೋ ಒಳಗೊಳಗೇ ಖುಷಿ. ಪ್ರತಿ ಸಲ ತಪ್ಪಿಸಿಕೊಂಡು ಹೋಗುತ್ತಿದ್ದದ್ದು ಇವತ್ತು ಕ್ಯಾನಿನೊಳಗೆ ಸಿಕ್ಕಿಬಿದ್ದಿರಬೇಕು ಅಂತ.

ಸಿಕ್ಕಿಬಿದ್ದಿತ್ತು. ಅಡ್ರಿನಲಿನ್ ಹಾರ್ಮೋನ್ ಒಡೆದಾಗ ಬರೋ ಮೆಟಾನೆಫ್ರಿನ್ ಅನ್ನೋ ಅಂಶ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಿಟಿ ಸ್ಕ್ಯಾನಿನಲ್ಲಿ ಬಲಗಡೆಯ ಅಡ್ರಿನಲ್ ಗ್ರಂಥಿಯಲ್ಲಿ 4 ಸೆಂಟಿಮೀಟರ್ ಗಡ್ಡೆ. ಈ ಗ್ರಂಥಿ ಕಿಡ್ನಿಯ ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುತ್ತೆ, ತೂಕ 4-5 ಗ್ರಾಂ. ಹೆದರಿದಾಗ ನಮ್ಮೆಲ್ಲರ ಮೈಗೂ ಅಡ್ರಿನಲಿನ್ ಬಿಡುವುದು ಇದೇ. ಅವ್ವನ ಗಡ್ಡೆ ಹೆದರಿಕೆಯಿಲ್ಲದಾಗಲೂ ಸುಮ್ನೆ ಸುರಿಯುತ್ತಿತ್ತು. ಬಗ್ಗಿ ಹೊಟ್ಟೆ ಒತ್ತಿದರೆ ಕೇಳುವುದೇ ಬೇಡ. ಹೆಸರು ಫಿಯೋಕ್ರೋಮೋಸೈಟೋಮ. ನಿದ್ದೆ ಮಾತ್ರೆಗೆಲ್ಲ ಅದು ಜಗ್ಗುತ್ತಾ?

ತಕ್ಷಣ ಆಪರೇಷನ್ ಮಾಡಲಿಲ್ಲ. ಮೊದಲು ರಕ್ತನಾಳ ಸಡಿಲವಾಗಲಿ ಅಂತ ಪ್ರಜೋಸಿನ್ ಮಾತ್ರೆ. ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಏನಿದ್ದರೂ ಆಮೇಲೆ. ಮುಂಚೆಯೇ ಕೊಟ್ಟರೆ ಬಿಪಿ ಇನ್ನೂ ಏರಿಬಿಡಬಹುದು. ಜೊತೆಗೆ ಉಪ್ಪು, ನೀರು ಚೆನ್ನಾಗಿ ತಗೊಳ್ಳಿ ಅಂದರು. ಬಿಗಿಹಿಡಿದ ನಾಳಗಳಲ್ಲಿ ರಕ್ತದ ಪ್ರಮಾಣವೇ ತಗ್ಗಿರುತ್ತಂತೆ. ಬಿಪಿ ಇರುವವಳು ಉಪ್ಪಿನಕಾಯಿ ನೆಕ್ಕುತ್ತಿರುವುದನ್ನು ನೋಡಿ ಸೋದರತ್ತೆ ನಮ್ಮನ್ನು ಬೈದದ್ದು ಅಷ್ಟಿಷ್ಟಲ್ಲ.

ಕೀಹೋಲ್ ಆಪರೇಷನ್ ಆಯಿತು. ಗಡ್ಡೆ ತೆಗೆದ ಮೇಲೆ ಬಿಪಿ, ಶುಗರ್ ಎರಡೂ ಕುಸಿಯಬಹುದು ಅಂತ ಆ ರಾತ್ರಿ ಐಸಿಯುನಲ್ಲಿ ಇಟ್ಟುಕೊಂಡರು. ಕುಸಿಯಲಿಲ್ಲ.

ಇನ್ನು ವರ್ಷ ವರ್ಷ ಪರೀಕ್ಷೆ ಇದ್ದೇ ಇದೆ. ಇದನ್ನು ರಕ್ತದಲ್ಲೂ ನೋಡಬಹುದು ಅಂದಾಗ ಅವ್ವನ ಮುಖ ಅರಳಿತು. ಸುಮಾರು ಮೂವರಲ್ಲಿ ಒಬ್ಬರಿಗೆ ಈ ಗಡ್ಡೆ ವಂಶದಿಂದ ಬರುತ್ತೆ. ವಿಎಚ್‌ಎಲ್ ಅನ್ನೋ ಜೀನ್ ಕೆಟ್ಟಿದ್ದರೆ ಕಿಡ್ನಿಯಲ್ಲೂ ಗಡ್ಡೆ ಏಳಬಹುದು. ಅದಕ್ಕೇ ಅವ್ವನ ರಕ್ತ ಜೀನ್ ಪರೀಕ್ಷೆಗೆ ಹೋಗಿದೆ. ಏನಾದರೂ ಕಂಡರೆ ನಾವಿಬ್ಬರೂ ಕೊಡಬೇಕು. ದೊಡ್ಡವರು ಮೊದಲು ಅಂತ ತಮ್ಮ ಈಗಲೇ ನನ್ನ ಕಡೆ ತಳ್ಳಿದ್ದಾನೆ.