ಗ್ಯಾರೇಜಿನಲ್ಲಿ 1966ರ ಫೋರ್ಡ್ ಮಸ್ಟಾಂಗ್ ಕಾರು
ಇವತ್ತು ಕೌಲ್ ಬಿಚ್ಚಿದೆ! ಮುಂದಿನ ಗಾಜಿನ ಬುಡದಲ್ಲಿರುವ ಈ ತಗಡೇ ಹಳೇ ಮಸ್ಟಾಂಗ್‌ಗಳಿಗೆ ಜಾಸ್ತಿ ಕಾಟ ಕೊಡುವುದು. ಗಾಳಿಗೆಂದು ಬಿಟ್ಟ ಸೀಳುಗಳಿಂದ ಮಳೆನೀರು ಇಳಿದು, ಒಳಗೊಳಗೇ ತುಕ್ಕು ಹಿಡಿಸಿ, ಕೊನೆಗೆ ಕಾಲಡಿಯ ಕಾರ್ಪೆಟ್ಟಿಗೆ ಸೋರುತ್ತದೆ. ಸುಮ್ನೆ ಮೇಲಿಂದ ಸೀಲಂಟ್ ಬಳಿದರೆ ಸಾಲದು. ತಗಡು ಹಿಡಿದಿಟ್ಟ ಸ್ಪಾಟ್ ವೆಲ್ಡ್‌ಗಳನ್ನು, ಅಂದರೆ ಚುಕ್ಕಿ ಬೆಸುಗೆಗಳನ್ನು, ಒಂದೊಂದಾಗಿ ಕೊರೆದು ಇಡೀ ತಗಡನ್ನೇ ಎತ್ತಬೇಕು.

ಬಾನೆಟ್ಟಿನಡಿ ಕೊರೆದಿರುವ ಗಾಡಿಯ ಗುರುತಿನ ನಂಬರ್ 6ಎಫ್07ಸಿ ಎಂದು ಶುರುವಾಗುತ್ತದೆ. 6 ಅಂದರೆ 1966, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ಸಿ ಅಂದರೆ 289 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ನಮ್ಮ ಮಿಷಿಗನ್‌ನಲ್ಲೇ ಹುಟ್ಟಿದ ಗಾಡಿ. ಈ ಬೆಸುಗೆ ಹಾಕಿದವರು ಪಾಳಿ ಮುಗಿಸಿ ಇಲ್ಲೇ ಯಾವುದೋ ಬೀದಿಯ ಮನೆಗೆ ಹೋಗಿರುತ್ತಾರೆ ಅಲ್ವಾ? ಅವರ ಕೆಲಸದ ಮೇಲೆ ಡ್ರಿಲ್ ಇಡುವಾಗ ಗೌರವ ಹುಟ್ಟಿತು. ಹೊಸ ತಗಡು ಕೂರಿಸುವ ಮೊದಲು ಒಳಗೆಲ್ಲ ಪ್ರೈಮರ್ ಹೊಡೆಯಬೇಕು.