ಹೊಗೆ, ಖಾರ, ಚಾಕೊಲೇಟ್: ನನ್ನ ಟೀ ಮಿಶ್ರಣ ಎಲ್ಲಿಯವರೆಗೆ ಬಂತು

ಹೊಗೆಯಲ್ಲಿ ಒಣಗಿಸಿದ ಬ್ಲ್ಯಾಕ್ ಟೀ, ಹುರಿದ ಕೋಕೋ, ಒಂದಿಷ್ಟು ಒಣಮೆಣಸಿನಕಾಯಿ. ಈ ಮೂರೂ ಸೇರಿದ ಟೀಯನ್ನು ಹಾಲು, ಸಕ್ಕರೆ ಇಲ್ಲದೆ ಕುಡಿದರೂ ಚಾಕೊಲೇಟ್ ಗೊತ್ತಾಗಬೇಕು. ಹೊಗೆ ಎಲ್ಲವನ್ನೂ ಮುಚ್ಚಬಾರದು, ಖಾರ ಗಂಟಲು ಹಿಡಿಯಬಾರದು. ಇಷ್ಟೇ ನನ್ನ ಗುರಿ. ಈವರೆಗೆ ಏನೇನಾಯಿತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ಟೀ ಇಷ್ಟಪಡುವವರಿಗೆ ಅಳತೆಗಳು ಉಪಯೋಗಕ್ಕೆ ಬರಬಹುದು.

ಸಿದ್ಧ ಮಿಶ್ರಣದ ರುಚಿ

ಮೊದಲು ಅಂಗಡಿಯಲ್ಲಿ ಸಿಗುವ ಒಂದು ಮಿಶ್ರಣವನ್ನು ಗಮನವಿಟ್ಟು ಕುಡಿದೆ. ಪ್ಯಾಕೆಟ್ ತೆರೆದ ಕೂಡಲೇ ಮೂಗಿಗೆ ಹೊಡೆದದ್ದು ಚಾಕೊಲೇಟ್. ಹೊಗೆ ಅದರ ಹಿಂದೆ ಇತ್ತು. ಖಾರದ ಸುಳಿವೇ ಇರಲಿಲ್ಲ. ಅದು ಸಹಜ, ಯಾಕೆಂದರೆ ಮೆಣಸಿಗೆ ಖಾರ ಕೊಡುವ ಕ್ಯಾಪ್ಸೈಸಿನ್‌ಗೆ ವಾಸನೆ ಇಲ್ಲ. ಬಿಸಿನೀರು ಬಿದ್ದ ಮೇಲೆ ಎಲ್ಲ ಹಿಂದುಮುಂದಾಯಿತು. ಆವಿಯಲ್ಲಿ ಹೊಗೆ ಮುಂದೆ ಬಂತು. ಗುಟುಕಿನಲ್ಲಿ ಮೊದಲು ಟೀಯ ಒಗರು, ಆಮೇಲೆ ಹೊಗೆ. ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ನಿಧಾನಕ್ಕೆ ಖಾರ. ಚಾಕೊಲೇಟ್ ಮಾತ್ರ ಬಾಯಲ್ಲಿ ಎಲ್ಲೂ ಸಿಗಲಿಲ್ಲ. ಉಸಿರು ಬಿಡುವಾಗ ಮೂಗಿನಲ್ಲಿ ಒಂದು ಕ್ಷಣ ಸುಳಿದು ಹೋಯಿತು.

ನಾವು ಚಾಕೊಲೇಟ್ ರುಚಿ ಅನ್ನುವುದರಲ್ಲಿ ಬಹುಪಾಲು ಮೂಗಿನ ಕೆಲಸ. ನಾಲಿಗೆಗೆ ಸಿಗುವುದು ಸಿಹಿ, ಕಹಿ, ಸ್ವಲ್ಪ ಹುಳಿ, ಜೊತೆಗೆ ಕೋಕೋ ಬೆಣ್ಣೆಯ ನುಣುಪು. ಬರೀ ಟೀಯಲ್ಲಿ ಸಿಹಿಯೂ ಇಲ್ಲ, ನುಣುಪೂ ಇಲ್ಲ. ಎಸೆನ್ಸ್ ಹಾಕಿ ವಾಸನೆ ಮಾತ್ರ ಸೇರಿಸಿದರೆ ಅದು ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ. ಅದೇ ಎಲೆಗೆ ಎರಡನೇ ಸಲ ನೀರು ಹಾಕಿ ನೋಡಿದೆ. ಹೊಗೆ ಉಳಿದಿತ್ತು, ಟೀ ಉಳಿದಿತ್ತು, ಚಾಕೊಲೇಟ್ ಪೂರ್ತಿ ಹೋಗಿತ್ತು.

ಅಲ್ಲಿಂದ ನಾನೇ ಬೆರೆಸಲು ಶುರು ಮಾಡಿದೆ.

ಎಲೆ ಆರಿಸಿದ್ದು

ಹೊಗೆ ಟೀ ಅಂದರೆ ಲಪ್ಸಾಂಗ್ ಸೂಚಾಂಗ್. ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳಲ್ಲಿರುವ ತೊಂಗ್‌ಮು ಅದರ ತವರು. ಅಲ್ಲಿ ಎಲೆ ಬಾಡಿಸುವುದಕ್ಕೂ, ಕೊನೆಗೆ ಒಣಗಿಸುವುದಕ್ಕೂ ಪೈನ್ ಮರದ ಬೆಂಕಿ ಬಳಸುತ್ತಾರೆ. ಮಹಡಿಗಳಿರುವ ಮರದ ಕಟ್ಟಡ, ಕೆಳಗೆ ಉರಿ, ಮೇಲೆ ಎಲೆ. ಚೆನ್ನಾಗಿ ಮಾಡಿದ ಲಪ್ಸಾಂಗ್‌ನಲ್ಲಿ ಹೊಗೆಯ ಕೆಳಗೆ ಒಣಹಣ್ಣಿನ ಸಿಹಿ ಇರುತ್ತದೆ. ಅದಿಲ್ಲದ ಎಲೆಯಲ್ಲಿ ಬರೀ ಡಾಂಬರಿನಂಥ ಘಾಟು. ಆ ಎರಡನೇ ಬಗೆಯದ್ದನ್ನು ಈ ಕೆಲಸಕ್ಕೆ ಬಳಸಬೇಡಿ. ಕೋಕೋ ಎಷ್ಟು ಹಾಕಿದರೂ ಆ ಘಾಟನ್ನು ಮುಚ್ಚಲು ಆಗುವುದಿಲ್ಲ.

ಅದೇ ತೊಂಗ್‌ಮುವಿನಲ್ಲಿ 2005ರಲ್ಲಿ ಶುರುವಾದ ಜಿನ್ ಜುನ್ ಮೇಯ್ ಅನ್ನುವ ಟೀ ಇದೆ. ಅದು ಬರೀ ಮೊಗ್ಗಿನದ್ದು, ಅದಕ್ಕೆ ಹೊಗೆ ಹಾಕುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೆ ಲಪ್ಸಾಂಗ್‌ನಲ್ಲಿ ಹೊಗೆ ತಂದದ್ದು ಯಾವುದು ಅಂತ ನಾಲಿಗೆಗೆ ಬೇಗ ತಿಳಿಯುತ್ತದೆ. ಈ ಹೋಲಿಕೆ ನನಗೆ ತುಂಬಾ ಸಹಾಯ ಮಾಡಿತು.

ಲಪ್ಸಾಂಗ್ ಒಂದನ್ನೇ ಹಾಕಿದರೆ ಹೊಗೆ ಜಾಸ್ತಿ. ಹಾಗಾಗಿ ಅದರ ಕೆಳಗೆ ಇನ್ನೊಂದು ಟೀ ಬೇಕು. ಅನ್‌ಹುಯಿ ಪ್ರಾಂತ್ಯದ ಕೀಮನ್ ಮತ್ತು ಅಸ್ಸಾಂ, ಎರಡನ್ನೂ ನೋಡಿದೆ. ಕೀಮನ್ ಮೆತ್ತಗಿದೆ, ಅದರಲ್ಲೇ ಕೋಕೋದ ಛಾಯೆ ಇದೆ. ಆದರೆ ಹೊಗೆ ಸೇರಿದ ಮೇಲೆ ತೆಳುವಾಗಿಬಿಡುತ್ತದೆ. ಅಸ್ಸಾಂ ಎಲೆಗೆ ಮಾಲ್ಟ್ ರುಚಿ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ರುಚಿ) ಇದೆ, ಬಾಯಿ ತುಂಬುತ್ತದೆ. ಅದನ್ನೇ ಇಟ್ಟುಕೊಂಡೆ. ಪುಡಿಯಲ್ಲ, ಇಡೀ ಎಲೆ. ಪುಡಿ ಟೀ ಬೇಗ ಒಗರಾಗುತ್ತದೆ, ಕೋಕೋಗೆ ಬೇಕಾದಷ್ಟು ಹೊತ್ತು ಕಾಯುವುದಕ್ಕೆ ಬಿಡುವುದಿಲ್ಲ.

ಮಾಲ್ಟ್ ಯಾಕೆ ಮುಖ್ಯ ಅಂದರೆ, ಬ್ಲ್ಯಾಕ್ ಟೀ ಮತ್ತು ಕೋಕೋ ಎರಡರ ವಾಸನೆಯಲ್ಲೂ 3-ಮೀಥೈಲ್‌ಬ್ಯೂಟನಾಲ್ ಅನ್ನುವ ವಸ್ತು ಇದೆ. ಲ್ಯೂಸಿನ್ ಅನ್ನುವ ಅಮೈನೋ ಆಮ್ಲದಿಂದ ಹುಟ್ಟುವಂಥದ್ದು. ಅದರ ವಾಸನೆಯನ್ನು ಮಾಲ್ಟ್ ಅಂತಲೂ, ಚಾಕೊಲೇಟ್ ಅಂತಲೂ ವಿವರಿಸುತ್ತಾರೆ. ಅಂದರೆ ಸರಿಯಾದ ಎಲೆಯಲ್ಲಿ ಚಾಕೊಲೇಟ್‌ನ ಒಂದು ಎಳೆ ಮೊದಲೇ ಇರುತ್ತದೆ. ನಾವು ಮಾಡಬೇಕಾದ್ದು ಅದನ್ನು ಗಟ್ಟಿ ಮಾಡುವುದು. ಇದು ತಲೆಗೆ ಹೋದ ಮೇಲೆ ಇಡೀ ಕೆಲಸದ ದಿಕ್ಕೇ ಬದಲಾಯಿತು. ಕೋಕೋ ಹೆಚ್ಚಿಸುವುದನ್ನು ಬಿಟ್ಟು ಎಲೆ ಬದಲಿಸಿ ನೋಡಲು ಶುರು ಮಾಡಿದೆ.

ಕೋಕೋ: ಹೆಚ್ಚು ಹೊತ್ತು ಹಿಡಿದದ್ದು ಇದೇ

ಕೋಕೋ ಪುಡಿ ಹಾಕಿದರೆ ಟೀ ಕದಡುತ್ತದೆ, ಕೆಳಗೆ ಗಸಿ ಕೂರುತ್ತದೆ. ಅದರಲ್ಲೂ ಕ್ಷಾರ ಹಾಕಿ ಸಂಸ್ಕರಿಸಿದ ಪುಡಿ ಟೀಯ ಬಣ್ಣವನ್ನೇ ಕಪ್ಪಗೆ ಮಾಡುತ್ತದೆ. ನಿಂಬೆ ಹಿಂಡಿದಾಗ ಟೀ ತಿಳಿಯಾಗುತ್ತದಲ್ವಾ, ಇದು ಅದರ ತದ್ವಿರುದ್ಧ. ರುಚಿಯೂ ಚಪ್ಪೆಯಾಗುತ್ತದೆ, ಟೀಯ ಚುರುಕು ಹೋಗುತ್ತದೆ. ಚಾಕೊಲೇಟ್ ತುಂಡು ಹಾಕಿದರೆ ಸಿಹಿ ಬರುತ್ತದೆ, ಟೀ ಬೇರೆಯೇ ಪಾನೀಯವಾಗುತ್ತದೆ. ಎರಡನ್ನೂ ಬಿಟ್ಟೆ.

ಉಳಿದದ್ದು ನಿಬ್ಸ್ ಮತ್ತು ಸಿಪ್ಪೆ. ಹುದುಗು ಬರಿಸಿ, ಒಣಗಿಸಿ, ಹುರಿದ ಕೋಕೋ ಬೀಜದ ಸಿಪ್ಪೆ ತೆಗೆದು ಚೂರು ಮಾಡಿದರೆ ಅದೇ ನಿಬ್ಸ್. ಅದರ ತೂಕದಲ್ಲಿ ಸುಮಾರು ಅರ್ಧ ಕೋಕೋ ಬೆಣ್ಣೆ. ತೊಂದರೆ ಇರುವುದೂ ಇಲ್ಲೇ. ಪರಿಮಳದಲ್ಲಿ ಒಂದು ಪಾಲು ಆ ಕೊಬ್ಬಿನೊಳಗೆ ಕೂತಿರುತ್ತದೆ, ನೀರಿಗೆ ಸುಲಭವಾಗಿ ಇಳಿಯುವುದಿಲ್ಲ. ಟೀ ಎಲೆ ಮೂರು ನಾಲ್ಕು ನಿಮಿಷದಲ್ಲಿ ತನ್ನದನ್ನೆಲ್ಲ ಕೊಟ್ಟುಬಿಡುತ್ತದೆ. ನಿಬ್ಸ್ ಆಗಿನ್ನೂ ಬಾಯಿ ತೆರೆದಿರುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿ, ಕೋಕೋ ಬರಲಿ ಅಂತ ಕಾದರೆ ಟೀ ಒಗರಾಗಿ ಕುಡಿಯಲಾಗುವುದಿಲ್ಲ.

ದಾರಿ ಸರಳವಾಗಿತ್ತು: ನಿಬ್ಸ್ ಮೊದಲು, ಟೀ ಆಮೇಲೆ. ನಿಬ್ಸ್ ಅನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪರಿಮಳ ಏಳುವವರೆಗೆ ಮಾತ್ರ ಬಿಸಿ ಮಾಡಿ, ಒರಟಾಗಿ ಜಜ್ಜಿ, ನೀರಿನಲ್ಲಿ ಸಣ್ಣಗೆ ಕುದಿಸುತ್ತೇನೆ. ಮೇಲೆ ಎಣ್ಣೆಯ ಚುಕ್ಕಿಗಳು ತೇಲುತ್ತವೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುವುದರಿಂದ ಬಿಸಿ ಟೀಯಲ್ಲಿ ಅದು ದ್ರವವಾಗೇ ಇರುತ್ತದೆ. ಆ ಚುಕ್ಕಿಗಳನ್ನು ತೆಗೆಯಬೇಡಿ. ಪರಿಮಳ ಇರುವುದು ಅಲ್ಲೇ, ನಾಲಿಗೆಗೆ ಸ್ವಲ್ಪವಾದರೂ ನುಣುಪು ಸಿಗುವುದೂ ಅಲ್ಲಿಂದಲೇ. ಕಾಗದದ ಫಿಲ್ಟರ್‌ನಲ್ಲಿ ಸೋಸಿದರೆ ಅವು ಕಾಗದಕ್ಕೆ ಅಂಟಿ ಹೋಗುತ್ತವೆ. ಲೋಹದ ಜರಡಿಯೇ ಒಳ್ಳೆಯದು.

ಸಿಪ್ಪೆಯ ಗುಣ ಬೇರೆ. ಕೊಬ್ಬು ಕಡಿಮೆ, ನೀರಿಗೆ ಬೇಗ ಬಿಡುತ್ತದೆ, ರುಚಿ ಹಗುರ. ನಿಬ್ಸ್ ಜೊತೆ ಒಂದು ಚಿಟಿಕೆ ಸೇರಿಸಿದರೆ ಮೊದಲ ಗುಟುಕಿನಲ್ಲೇ ಕೋಕೋ ಗೊತ್ತಾಗುತ್ತದೆ. ಅದೊಂದನ್ನೇ ಹಾಕಿದರೆ ಒಣಮರದ ರುಚಿ.

ಇನ್ನೊಂದು ವಿಷಯ. ಒಂದೆರಡು ಕಣ ಉಪ್ಪು. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಟೀಯ ಕೆಫೀನ್, ಕೋಕೋದ ಥಿಯೋಬ್ರೋಮಿನ್ ಎರಡೂ ಕಹಿ, ಒಂದರ ಮೇಲೊಂದು ಸೇರಿದಾಗ ಚಾಕೊಲೇಟ್ ಹಿಂದೆ ಸರಿಯುತ್ತದೆ. ಉಪ್ಪಿನ ರುಚಿ ಗೊತ್ತಾಗದಷ್ಟು ಹಾಕಿದರೂ ಸಾಕು, ಕೋಕೋ ತಾನಾಗಿ ಮುಂದೆ ಬರುತ್ತದೆ. ಇದನ್ನು ಖಂಡಿತ ಮಾಡಿ ನೋಡಿ.

ಖಾರ

ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಇಲ್ಲ. ನಿಬ್ಸ್ ಜೊತೆಗೇ ಮೆಣಸು ಕುದಿಸಿದಾಗ ಮೊದಲ ಗುಟುಕು ಸುಟ್ಟಂತಾಯಿತು, ಕೊನೆಯದರಲ್ಲಿ ಖಾರವೇ ಇರಲಿಲ್ಲ. ಮೇಲೆ ತೇಲುವ ಎಣ್ಣೆಯೇ ಖಾರವನ್ನು ಹಿಡಿದಿಟ್ಟಿರಬೇಕು. ಈಗ ಮೆಣಸನ್ನು ಟೀ ಎಲೆಯ ಜೊತೆ ಹಾಕಿ, ಒಂದೇ ನಿಮಿಷಕ್ಕೆ ತೆಗೆಯುತ್ತೇನೆ. ಕುಡಿಯುವ ಮುಂಚೆ ಚೆನ್ನಾಗಿ ಕಲಕುತ್ತೇನೆ.

ಮೆಣಸಿನಕಾಯಿಯಲ್ಲಿ ಖಾರ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ಭಾಗದಲ್ಲಿ. ಅದನ್ನು ಕೆರೆದು ತೆಗೆದು, ಹೊರಗಿನ ಕೆಂಪು ಸಿಪ್ಪೆ ಮಾತ್ರ ಹಾಕಿದರೆ ಒಣಹಣ್ಣಿನಂಥ ಪರಿಮಳ ಸಿಗುತ್ತದೆ, ಖಾರ ಹಿತವಾಗಿರುತ್ತದೆ. ಮೆಕ್ಸಿಕೋದ ಚಿಪೋಟ್ಲೆ ಅಂದರೆ ಹೊಗೆಯಲ್ಲಿ ಒಣಗಿಸಿದ ಹಣ್ಣು ಹಲಪೇನ್ಯೊ ಮೆಣಸು. ಅದನ್ನು ಹಾಕಿದಾಗ ಲಪ್ಸಾಂಗ್ ಕಡಿಮೆ ಮಾಡಬೇಕಾಯಿತು, ಎರಡು ಬೇರೆ ಬೇರೆ ಹೊಗೆ ಒಂದರ ಮೇಲೊಂದು ಬಿದ್ದವು. ನನಗೆ ಹೊಗೆ ಇಲ್ಲದ ಮೆಣಸೇ ಇಷ್ಟವಾಯಿತು. ಕೋಕೋ, ಮೆಣಸು ಜೋಡಿಯೇನೂ ಹೊಸದಲ್ಲ. ಅಜ್ಟೆಕ್ ಜನ ಕೋಕೋ ಪಾನೀಯಕ್ಕೆ ಮೆಣಸು ಹಾಕಿ ಕುಡಿಯುತ್ತಿದ್ದರು.

ಕುಡಿಯುವ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ನಾಲಿಗೆಯಲ್ಲಿ ಖಾರವನ್ನೂ ಸುಡುವ ಬಿಸಿಯನ್ನೂ ಹಿಡಿಯುವುದು ನರದ ತುದಿಯಲ್ಲಿರುವ ಒಂದೇ ಪ್ರೋಟೀನ್, ಟಿಆರ್‌ಪಿವಿ1. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಸುಮಾರು 43 ಡಿಗ್ರಿ ದಾಟಿದರೆ ಅದು ಎಚ್ಚರವಾಗುತ್ತದೆ. ಹಾಗಾಗಿ ಸುಡುವ ಟೀಯಲ್ಲಿ ಅಷ್ಟೇ ಮೆಣಸು ದುಪ್ಪಟ್ಟು ಖಾರ ಅನಿಸುತ್ತದೆ. ಸ್ವಲ್ಪ ಆರಿಸಿ ಕುಡಿದಾಗ ಖಾರ ಇಳಿದು, ಕೋಕೋ ಮೇಲೆ ಬರುತ್ತದೆ. ಈ ಟೀಯ ಒಳ್ಳೆಯ ಗುಟುಕುಗಳು ಲೋಟದ ಮಧ್ಯಭಾಗದಲ್ಲಿವೆ ಅಂತ ನನ್ನ ಅಭಿಪ್ರಾಯ.

ಲವಂಗ ಮತ್ತು ವೆನಿಲ್ಲಾ

ಹೊಗೆಗೂ ಖಾರಕ್ಕೂ ನಡುವೆ ಏನೋ ಕೊರತೆ ಇತ್ತು. ದಾಲ್ಚಿನ್ನಿ ಹಾಕಿದೆ, ಅದು ತನ್ನದೇ ಸಿಹಿ ದಾರಿ ಹಿಡಿಯಿತು. ಪುಡಿ ಹಾಕಿದರಂತೂ ಲೋಳೆ. ಏಲಕ್ಕಿ ಹೊಗೆಗೆ ಸೇರಲೇ ಇಲ್ಲ. ಲವಂಗ ಹಾಕಿದ ತಕ್ಷಣ ಎರಡೂ ಕೂಡಿಕೊಂಡವು.

ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ನನಗೆ ಈ ಕೆಲಸದಲ್ಲೇ ಅತಿ ಖುಷಿ ಕೊಟ್ಟ ಸಂಗತಿ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಉರಿದಾಗ ಬರುವ ಹೊಗೆ ವಾಸನೆಯ ಮುಖ್ಯ ವಸ್ತು ಗ್ವಾಯಕಾಲ್. ಲವಂಗದ ಯೂಜಿನಾಲ್ ಅಂದರೆ ಅದೇ ಗ್ವಾಯಕಾಲ್ ಅಣುವಿಗೆ ಒಂದು ಸಣ್ಣ ಬಾಲ ಸೇರಿದ್ದು. ವೆನಿಲ್ಲಾದ ವೆನಿಲಿನ್ ಕೂಡ ಅದೇ ಅಣುವಿಗೆ ಇನ್ನೊಂದು ಬಾಲ. ಕಾರ್ಖಾನೆಗಳಲ್ಲಿ ವೆನಿಲಿನ್ ಅನ್ನು ಗ್ವಾಯಕಾಲ್‌ನಿಂದಲೇ ಮಾಡುತ್ತಾರೆ. ಇನ್ನು ಮೆಣಸಿನ ಕ್ಯಾಪ್ಸೈಸಿನ್? ಅದರ ಒಂದು ತುದಿಯಲ್ಲೂ ಗ್ವಾಯಕಾಲ್‌ನ ಇದೇ ಪರಮಾಣುಗಳ ಉಂಗುರ. ಹೊಗೆ, ಲವಂಗ, ವೆನಿಲ್ಲಾ, ಮೆಣಸು ನಾಲ್ಕೂ ಒಂದೇ ಮನೆತನದವು! ರಚನೆ ಒಂದೇ ಅಂದಮಾತ್ರಕ್ಕೆ ರುಚಿ ಕೂಡಲೇಬೇಕು ಅಂತೇನಿಲ್ಲ. ಆದರೆ ಲೋಟದಲ್ಲಿ ಇವು ಕೂಡುತ್ತವೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ.

ಈ ಮನೆತನದ ಹೊರಗೆ ಇರುವುದು ಚಾಕೊಲೇಟ್ ಒಂದೇ. ಅದರ ನಂಟು ಟೀ ಎಲೆಯ ಮಾಲ್ಟ್ ಜೊತೆ. ಹೀಗೆ ಎರಡು ಗುಂಪು ಅಂತ ಯೋಚಿಸಿದ ಮೇಲೆ ಅಳತೆ ಸುಲಭವಾಯಿತು: ಎಲೆ, ಕೋಕೋ ಕಡೆ ತೂಕ ಜಾಸ್ತಿ ಇರಬೇಕು, ಹೊಗೆಯ ಗುಂಪು ಹಿಡಿತದಲ್ಲಿರಬೇಕು. ವೆನಿಲ್ಲಾ ಮಾತ್ರ ಎರಡೂ ಕಡೆ ಸಲ್ಲುತ್ತದೆ, ಚಾಕೊಲೇಟ್‌ಗೂ ಅದು ಹಳೆಯ ಜೊತೆ.

ಈಗಿನ ಅಳತೆ

300 ಮಿಲಿಲೀಟರ್ ನೀರಿಗೆ 4 ಗ್ರಾಂ ನಿಬ್ಸ್, ಒಂದು ಚಿಟಿಕೆ ಸಿಪ್ಪೆ, ಅರ್ಧ ಲವಂಗ. ಸಣ್ಣ ಉರಿಯಲ್ಲಿ 6 ನಿಮಿಷ. ಉರಿ ಆರಿಸಿ 3 ಗ್ರಾಂ ಅಸ್ಸಾಂ ಎಲೆ, 1 ಗ್ರಾಂ ಲಪ್ಸಾಂಗ್, ಉಗುರಿನಷ್ಟು ಮೆಣಸಿನ ಸಿಪ್ಪೆ, ಬೆರಳುದ್ದದ ವೆನಿಲ್ಲಾ ಕೋಡಿನಲ್ಲಿ ಒಂದು ಸಣ್ಣ ತುಂಡು. ಮೆಣಸು 1 ನಿಮಿಷಕ್ಕೆ ಹೊರಗೆ, ಉಳಿದದ್ದು ಮೂರೂವರೆ ನಿಮಿಷಕ್ಕೆ ಸೋಸುವುದು. ಉಪ್ಪು ಕೊನೆಗೆ.

ಎಲೆ ಪರೀಕ್ಷಿಸುವಾಗ ಮಾತ್ರ ಐಎಸ್‌ಒ 3103 ಅನ್ನುವ, ಟೀ ರುಚಿ ನೋಡುವ ಅಂತರರಾಷ್ಟ್ರೀಯ ಮಾನದಂಡದ ಕ್ರಮ ಬಳಸುತ್ತೇನೆ. 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಕುಡಿಯುವುದಕ್ಕೆ ಅದು ತೀರಾ ಗಟ್ಟಿ, ಆದರೆ ಎಲೆಯ ಕೊರತೆ ಏನಿದ್ದರೂ ಹೊರಗೆ ಬರುತ್ತದೆ.

ರುಚಿ ಈಗ ಹೀಗಿದೆ. ಮೂಗಿಗೆ ಮೊದಲು ಹೊಗೆ, ಅದರ ಅಂಚಿನಲ್ಲಿ ವೆನಿಲ್ಲಾ. ಬಾಯಲ್ಲಿ ಮಾಲ್ಟ್, ತಕ್ಷಣ ಕೋಕೋದ ಹುರಿದ ಕಹಿ. ನುಂಗಿದ ಮೇಲೆ ಖಾರ ಗಂಟಲಿಗಿಂತ ಮೇಲೆಯೇ ನಿಲ್ಲುತ್ತದೆ. ಉಸಿರು ಬಿಟ್ಟಾಗ ಚಾಕೊಲೇಟ್ ಸ್ಪಷ್ಟವಾಗಿದೆ, ಮುಂದಿನ ಗುಟುಕಿನವರೆಗೂ ಇರುತ್ತದೆ. ಸಕ್ಕರೆ ಇಲ್ಲದೆ ಇಷ್ಟು ಬಂದದ್ದು ನನಗೆ ನಿಜಕ್ಕೂ ಸಂತೋಷ.

ಹಾಲು ಹಾಕಿದರೆ? ಹಾಲಿನ ಕೇಸೀನ್ ಅನ್ನುವ ಪ್ರೋಟೀನ್ ಒಗರನ್ನೂ ಖಾರವನ್ನೂ ಇಳಿಸುತ್ತದೆ. ಚೆನ್ನಾಗೇ ಇರುತ್ತದೆ, ಆದರೆ ಮೆಣಸು ಎರಡು ಪಟ್ಟು ಬೇಕು.

ಬಾಕಿ ಇರುವುದು

ಈಗ ಎಲ್ಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟು, ಮಾಡುವಾಗಷ್ಟೇ ಬೆರೆಸುತ್ತಿದ್ದೇನೆ. ಲಪ್ಸಾಂಗ್ ಪಕ್ಕದಲ್ಲಿದ್ದ ಅಸ್ಸಾಂ ಎಲೆಗೂ ಹೊಗೆ ಹತ್ತುತ್ತದೆ, ಮುಚ್ಚಳ ಬಿಗಿಯಾಗಿರಬೇಕು. ಇದನ್ನೇ ಬೇಕಂತಲೇ ಬಳಸಿದರೆ ಹೇಗೆ ಅಂತ ಈಗ ನೋಡುತ್ತಿದ್ದೇನೆ. ಕೊಬ್ಬು ವಾಸನೆಯನ್ನು ಚೆನ್ನಾಗಿ ಹಿಡಿಯುತ್ತದೆ. ನಿಬ್ಸ್ ಅನ್ನು ಲಪ್ಸಾಂಗ್ ಡಬ್ಬಿಯಲ್ಲಿ ತೆಳು ಬಟ್ಟೆಯ ಗಂಟಿನಲ್ಲಿ ಇಟ್ಟಿದ್ದೇನೆ. ನಿಬ್ಸ್‌ಗೇ ಹೊಗೆ ಹತ್ತಿದರೆ ಲಪ್ಸಾಂಗ್ ಎಲೆಯನ್ನು ಅರ್ಧ ಗ್ರಾಂಗೆ ಇಳಿಸಿ, ಆ ಜಾಗಕ್ಕೆ ಕೀಮನ್ ತರಬಹುದು. ಅದರ ಜೊತೆಗೆ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುವ ಕ್ರಮವನ್ನೂ ನೋಡಬೇಕು. ಅಲ್ಲಿ ಕೋಕೋ ಬೆಣ್ಣೆ ಕರಗುವುದಿಲ್ಲ, ಹಾಗಾಗಿ ನಿಬ್ಸ್ ಬದಲು ಸಿಪ್ಪೆಯನ್ನೇ ಹೆಚ್ಚು ಹಾಕಿ ಶುರು ಮಾಡುತ್ತೇನೆ.